ಸಾಮಾನಿನ ಚೀಟಿಯೂ ಅಂಗಡಿಯ ದಾರಿಯೂ: ಲಿನಕ್ಸ್ ಸರ್ವರ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್ ಸರಳವಾಗುವ ಬಗೆ

ಉಬುಂಟು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ 20.04 ಆವೃತ್ತಿಗೆ ಐದು ವರ್ಷ ದೊರೆತ ಸಾಮಾನ್ಯ ಬೆಂಬಲವು 2025ರ ಮೇ ತಿಂಗಳಲ್ಲಿ ಕೊನೆಗೊಂಡಿತು. ದೊಡ್ಡ ಕಂಪನಿಗಳಿಗೆ ಇದು ಸುದ್ದಿಯೇ ಅಲ್ಲ. ಅಲ್ಲಿ ಇಂಥ ಕೆಲಸಕ್ಕೆಂದೇ ಜನರಿರುತ್ತಾರೆ. ಆದರೆ ಸಣ್ಣ ಊರಿನ ಕಾಲೇಜು ಗ್ರಂಥಾಲಯದ ಮೂಲೆಯಲ್ಲಿ ಸದ್ದಿಲ್ಲದೆ ಓಡುತ್ತಿರುವ ಸರ್ವರ್‌ಗೆ, ಉಬುಂಟು ಪ್ರೊ ಎಂಬ ಪ್ರತ್ಯೇಕ ನೋಂದಣಿ ಇಲ್ಲದಿದ್ದರೆ, ಭದ್ರತೆಯ ತಿದ್ದುಪಡಿಗಳು ಇನ್ನು ಬರುವುದಿಲ್ಲ. ಹೊಸ ಆವೃತ್ತಿಗೆ ಸಾಗಲೇಬೇಕು.

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜಿನ ಗ್ರಂಥಪಾಲಕರೊಬ್ಬರು ಹೀಗೆ ಸಾಗಲು ಹೊರಟು ನಡುದಾರಿಯಲ್ಲಿ ನಿಂತು ನನಗೆ ಫೋನ್ ಮಾಡಿದರು. "ಸಾರ್, ಹೋದ ಸಲ ಇದೇ ಫೈಲ್ ಓಡಿಸಿದಾಗ ಎಲ್ಲ ತಾನಾಗೇ ಕೂತುಕೊಂಡಿತ್ತು. ಈಗ ಪ್ಯಾಕೇಜೇ ಸಿಗ್ತಿಲ್ಲ ಅಂತ ಬರ್ತಿದೆ" ಎಂಬುದು ಅವರ ದೂರು. ಅವರು ಹೇಳಿದ ಫೈಲು ಐದು ವರ್ಷಗಳ ಹಿಂದೆ ಯಾರೋ ಬರೆದುಕೊಟ್ಟು ಹೋದ ಇನ್‌ಸ್ಟಾಲ್ ಸ್ಕ್ರಿಪ್ಟ್. ಅದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಹಾಗಿದ್ದೂ ಅದು ಕೆಟ್ಟಿತ್ತು. ಮುಟ್ಟದೆ ಇಟ್ಟ ವಸ್ತು ಕೆಡುವುದು ಹೇಗೆ ಎಂಬುದನ್ನು ಅರಿತರೆ, ಅದನ್ನು ಸರಳಗೊಳಿಸುವ ದಾರಿಯೂ ತಿಳಿಯುತ್ತದೆ.

ಅವಲಂಬನೆ ಎಂದರೇನು

ಸರ್ವರ್ ಎಂದರೆ ಬೇರೆ ಕಂಪ್ಯೂಟರ್‌ಗಳು ಕೇಳಿದ್ದನ್ನು ಒದಗಿಸುತ್ತ ಹಗಲಿರುಳು ಓಡುವ ಕಂಪ್ಯೂಟರ್. ಅದರ ಮೇಲೆ ನಿಂತು ಆ ಕೆಲಸ ಮಾಡುವುದು ಸರ್ವರ್ ತಂತ್ರಾಂಶ. ಗ್ರಂಥಪಾಲಕರು ಬಳಸುತ್ತಿದ್ದದ್ದು ಕೋಹಾ. ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ, ತಡವಾಗಿ ತಂದವರ ದಂಡ ಇವನ್ನೆಲ್ಲ ನೋಡಿಕೊಳ್ಳುವ ಈ ಮುಕ್ತ ತಂತ್ರಾಂಶವು 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯಗಳಲ್ಲಿ ಬಳಕೆಗೆ ಬಂತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಗ್ರಂಥಾಲಯದ ಗಣಕೀಕರಣವನ್ನೂ ಕೇಳುವುದರಿಂದ ನಮ್ಮ ಕಡೆಯ ಕಾಲೇಜುಗಳಿಗೂ ಈ ಹೆಸರು ಹೊಸದಲ್ಲ.

ಯಾವ ತಂತ್ರಾಂಶವೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಕೋಹಾ ಪರ್ಲ್ ಎಂಬ ಭಾಷೆಯಲ್ಲಿ ಬರೆದದ್ದು, ಹಾಗಾಗಿ ಪರ್ಲ್ ಬೇಕು. ದಾಖಲೆಗಳನ್ನು ಇಡಲು ಮರಿಯಾಡಿಬಿಯಂಥ ದತ್ತಸಂಚಯ ಬೇಕು, ಪುಟಗಳನ್ನು ಬ್ರೌಸರ್‌ಗೆ ತಲುಪಿಸಲು ಅಪಾಚೆ ಬೇಕು. ಬೇರೆ ಗ್ರಂಥಾಲಯದಲ್ಲಿರುವ ಪುಸ್ತಕದ ವಿವರವನ್ನು ತರಿಸಿಕೊಳ್ಳುವ ಸೌಲಭ್ಯಕ್ಕಾಗಿ ಕೋಹಾ ಝೂಮ್ ಎಂಬ ಪರ್ಲ್ ಘಟಕವನ್ನು ನೆಚ್ಚಿಕೊಂಡಿದೆ. ಆ ಘಟಕವು ಯಾಜ್ ಎಂಬ ಸಿ ಭಾಷೆಯ ಲೈಬ್ರರಿಯನ್ನು, ಯಾಜ್ ಮತ್ತೆ ಲಿಬ್‌ಎಕ್ಸ್‌ಎಂಎಲ್2 ಎಂಬ ಇನ್ನೊಂದನ್ನು. ಹೀಗೆ ಒಂದು ಇನ್ನೊಂದನ್ನು ನೆಚ್ಚಿರುವುದಕ್ಕೆ ಡಿಪೆಂಡೆನ್ಸಿ, ಕನ್ನಡದಲ್ಲಿ ಅವಲಂಬನೆ ಎಂದು ಹೆಸರು. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಭಾಗಕ್ಕೂ ಲೈಬ್ರರಿ ಎಂದೇ ಹೆಸರಿರುವುದರಿಂದ, 'ಲೈಬ್ರರಿ ಕಾಣೆಯಾಗಿದೆ' ಎಂಬ ಸಂದೇಶ ಕಂಡು ಗ್ರಂಥಪಾಲಕರು ಒಂದು ಕ್ಷಣ ತಬ್ಬಿಬ್ಬಾದದ್ದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

ಅವಲಂಬನೆಗಳಲ್ಲಿ ಎರಡು ಬಗೆ. ಮದುವೆಯ ಚಪ್ಪರ ಹಾಕಲು ಏಣಿ ಬೇಕು, ಆದರೆ ಮುಹೂರ್ತದ ಹೊತ್ತಿಗೆ ಏಣಿ ಅಲ್ಲಿರಬೇಕಾಗಿಲ್ಲ. ಕಂಬಗಳು ಮಾತ್ರ ಕೊನೆಯ ಪಂಕ್ತಿ ಏಳುವವರೆಗೂ ನಿಂತಿರಬೇಕು. ತಂತ್ರಾಂಶವನ್ನು ಮೂಲದಿಂದ ಕಟ್ಟುವಾಗ ಮಾತ್ರ ಬೇಕಾಗುವ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಂತಾದವು ಏಣಿಯಿದ್ದಂತೆ, ಓಡುವಾಗ ಬೇಕಾಗುವ ಲೈಬ್ರರಿಗಳು ಕಂಬಗಳಿದ್ದಂತೆ. ಹಳೆಯ ಸ್ಕ್ರಿಪ್ಟ್‌ಗಳು ಇವೆರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ತಂದಿಡುವುದರಿಂದ, ಸರ್ವರ್‌ನಲ್ಲಿ ವರ್ಷಗಟ್ಟಲೆ ಏಣಿಗಳು ಬಿದ್ದಿರುತ್ತವೆ.

ಸ್ಕ್ರಿಪ್ಟ್ ದಪ್ಪವಾಗುವ ಬಗೆ

ಸ್ಕ್ರಿಪ್ಟ್ ಎಂದರೆ, ಕೈಯಿಂದ ಒಂದೊಂದಾಗಿ ಟೈಪ್ ಮಾಡಬೇಕಾದ ಆದೇಶಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಫೈಲು. ಮೊದಲಿಗೆ ಅದರಲ್ಲಿ ನಾಲ್ಕೈದು ಸಾಲಿರುತ್ತವೆ. ಯಾರದೋ ಯಂತ್ರದಲ್ಲಿ ಒಂದು ಲೈಬ್ರರಿ ಸಿಗಲಿಲ್ಲವೆಂದು ಇನ್ನೊಂದು ಸಾಲು ಸೇರುತ್ತದೆ. ಮತ್ತೊಬ್ಬರು ರೆಡ್‌ಹ್ಯಾಟ್ ಬಳಗದ ಲಿನಕ್ಸ್ ಬಳಸುತ್ತಾರೆಂದು 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂಬ ಕವಲು ಹುಟ್ಟುತ್ತದೆ. ಎಂದೋ ಇದ್ದ ದೋಷವೊಂದಕ್ಕೆ ಹಚ್ಚಿದ ತೇಪೆ, ದೋಷ ಹೋದ ಮೇಲೂ ಉಳಿದಿರುತ್ತದೆ. ಸೇರಿಸಿದವರಿಗೆ ಕಾರಣ ಗೊತ್ತಿತ್ತು, ಬರೆದಿಡಲಿಲ್ಲ. ಈಗ ತೆಗೆಯಲು ಎಲ್ಲರಿಗೂ ಅಂಜಿಕೆ.

ಇದರ ಜೊತೆಗೆ ಇನ್ನೊಂದು ರೂಢಿಯೂ ಇದೆ. ಓಡುತ್ತಿರುವ ಯಂತ್ರದಲ್ಲಿ ಏನೇನಿದೆ ಎಂದು ಪಟ್ಟಿ ತೆಗೆದು, ಅದನ್ನು ಇಡಿಯಾಗಿ ಸ್ಕ್ರಿಪ್ಟ್‌ಗೆ ಅಂಟಿಸಿಬಿಡುವುದು. ಅಡುಗೆ ಭಟ್ಟರು ಚೀಟಿಯಲ್ಲಿ ತುಪ್ಪ ಎಂದು ಬರೆಯುತ್ತಾರೆಯೇ ಹೊರತು ಹಸು, ಹಿಂಡಿ, ಹುಲ್ಲು ಎಂದು ಬರೆಯುವುದಿಲ್ಲ. ತುಪ್ಪಕ್ಕೆ ಏನು ಬೇಕೋ ಅದು ತುಪ್ಪ ಮಾರುವವರ ಚಿಂತೆ. ಮೇಲೆ ಹೇಳಿದ ಉದಾಹರಣೆಯಲ್ಲಿ ಕೋಹಾ ತನಗೆ ನೇರವಾಗಿ ಬೇಕಾದ ಝೂಮ್ ಘಟಕವನ್ನು ಹೆಸರಿಸಿದರೆ ಸಾಕು; ಯಾಜ್ ಮತ್ತು ಲಿಬ್‌ಎಕ್ಸ್‌ಎಂಎಲ್2 ತಾವಾಗಿ ಹಿಂದೆ ಬರುತ್ತವೆ. ಅವುಗಳನ್ನೂ ಹೆಸರಿಸಿದವರು, ಮುಂದೆ ಅವುಗಳ ಹೆಸರು ಬದಲಾದಾಗ ಬರುವ ತೊಂದರೆಯನ್ನು ತಾವೇ ಕರೆದುಕೊಂಡಂತೆ.

ಒಂದೇ ಕಾಳಿಗೆ ಎರಡು ಹೆಸರು

ಸಕಲೇಶಪುರದ ತೋಟದಲ್ಲಿ ಕಾಳುಮೆಣಸು ಎನ್ನುವುದನ್ನು ಶಿರಾಡಿ ಘಾಟಿ ಇಳಿದರೆ ಒಳ್ಳೆಮೆಣಸು ಎನ್ನುತ್ತಾರೆ. ಬಳ್ಳಿ ಅದೇ, ಕಾಳು ಅದೇ. ಚೀಟಿ ಬರೆದವರು ಘಟ್ಟದ ಮೇಲಿನವರು, ಅಂಗಡಿಯವರು ಕೆಳಗಿನವರು ಎಂದಾದರೆ ಮಾತ್ರ ಗೊಂದಲ. ಲಿನಕ್ಸ್ ಎಂಬುದು ಒಂದೇ ವಸ್ತುವಲ್ಲ, ಡೆಬಿಯನ್, ಉಬುಂಟು, ಫೆಡೋರಾ ಎಂಬ ಹಲವು ವಿತರಣೆಗಳಾಗಿ ಅದು ನಮ್ಮ ಕೈಸೇರುತ್ತದೆ, ಮತ್ತು ಪ್ರತಿ ವಿತರಣೆಗೂ ಹೆಸರಿಡುವ ತನ್ನದೇ ರೀತಿಯಿದೆ. ಅಪಾಚೆ ಸರ್ವರ್ ಡೆಬಿಯನ್ ಬಳಗದಲ್ಲಿ ಅಪಾಚೆ2, ಫೆಡೋರಾ ಬಳಗದಲ್ಲಿ ಎಚ್‌ಟಿಟಿಪಿಡಿ. ಪರ್ಲ್‌ನ ಡಿಬಿಐ ಘಟಕ ಮೊದಲಿನದರಲ್ಲಿ ಲಿಬ್‌ಡಿಬಿಐ-ಪರ್ಲ್, ಎರಡನೆಯದರಲ್ಲಿ ಪರ್ಲ್-ಡಿಬಿಐ. ಕಟ್ಟಲು ಬೇಕಾದ ಫೈಲುಗಳ ಪ್ಯಾಕೇಜಿಗೆ ಒಂದು ಕಡೆ ಕೊನೆಯಲ್ಲಿ 'ಡೆವ್', ಇನ್ನೊಂದು ಕಡೆ 'ಡೆವೆಲ್'.

ಪ್ಯಾಕೇಜ್ ಎಂದರೆ ತಂತ್ರಾಂಶದ ಫೈಲುಗಳ ಜೊತೆಗೆ ಅದರ ಹೆಸರು, ಆವೃತ್ತಿ, ಅವಲಂಬನೆಗಳ ವಿವರ ಇವನ್ನೂ ಸೇರಿಸಿ ಕಟ್ಟಿದ ಪೊಟ್ಟಣ. ಇಂಥ ಪೊಟ್ಟಣಗಳನ್ನು ಹುಡುಕಿ, ಜೊತೆಗೆ ಬೇಕಾದವನ್ನೂ ಲೆಕ್ಕಹಾಕಿ ತಂದು ಕೂರಿಸುವ ಕಾರ್ಯಕ್ರಮವೇ ಪ್ಯಾಕೇಜ್ ಮ್ಯಾನೇಜರ್. ಡೆಬಿಯನ್‌ನಲ್ಲಿ ಆಪ್ಟ್ ಎಂಬ ಮ್ಯಾನೇಜರ್ 1999ರಲ್ಲಿ ಬಂದ 2.1 ಆವೃತ್ತಿಯಿಂದಲೇ ಇದೆ. ಫೆಡೋರಾದಲ್ಲಿ 2015ರಿಂದ ಡಿಎನ್ಎಫ್ ಆ ಕೆಲಸ ಮಾಡುತ್ತಿದೆ. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು ಎಂದರೆ, ಯಾವುದಕ್ಕೆ ಯಾವುದು ಬೇಕು ಎಂಬ ಲೆಕ್ಕವನ್ನು ಮನುಷ್ಯರು ಸ್ಕ್ರಿಪ್ಟ್‌ನಲ್ಲಿ ಬರೆದಿಡುವುದು ಎಷ್ಟು ಆಗಿಹೋಗದ ಕೆಲಸ ಎಂಬುದು ತಿಳಿಯುತ್ತದೆ.

ಐದು ವರ್ಷಗಳಲ್ಲಿ ಏನೇನು ಕದಲಿತು

ಗ್ರಂಥಪಾಲಕರ ಸ್ಕ್ರಿಪ್ಟ್‌ನಲ್ಲಿ ಮೊದಲು ಸಿಕ್ಕಿಬಿದ್ದದ್ದು ಲಿಬ್‌ಎಸ್‌ಎಸ್‌ಎಲ್1.1 ಎಂಬ ಹೆಸರು. ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಲೈಬ್ರರಿಯಿದು. ಉಬುಂಟು 22.04ರಲ್ಲಿ ಇದರ ಬದಲು ಲಿಬ್‌ಎಸ್‌ಎಸ್‌ಎಲ್3 ಬಂತು. ಅವರು ಸಾಗಲು ಹೊರಟಿದ್ದ 24.04ರಲ್ಲಿ ಅದೇ ಲೈಬ್ರರಿಯ ಹೆಸರಿಗೆ 'ಟಿ64' ಎಂಬ ಬಾಲ ಸೇರಿತು. ಈ ಬಾಲಕ್ಕೊಂದು ಕಥೆಯಿದೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಗುರುತಿಸುವ ಪದ್ಧತಿಯಲ್ಲಿ, 32 ಬಿಟ್‌ಗಳ ಎಣಿಕೆಯು 2038ರ ಜನವರಿ 19ರಂದು ತುಂಬಿ ತುಳುಕುತ್ತದೆ. ಅದನ್ನು ತಪ್ಪಿಸಲು ಕಾಲದ ಎಣಿಕೆಯನ್ನು 64 ಬಿಟ್‌ಗಳಿಗೆ ಹಿಗ್ಗಿಸುವಾಗ, ಹಳೆಯದರೊಂದಿಗೆ ಬೆರೆಯದಿರಲೆಂದು ಬಹಳಷ್ಟು ಲೈಬ್ರರಿ ಪ್ಯಾಕೇಜುಗಳಿಗೆ ಹೊಸ ಹೆಸರಿಟ್ಟರು. ಹಳೆಯ ಸ್ಕ್ರಿಪ್ಟ್ ಕೇಳುತ್ತಿದ್ದದ್ದು ಈ ಎರಡು ಬದಲಾವಣೆಗಳಿಗೂ ಹಿಂದಿನ ಹೆಸರನ್ನು, ಹಾಗಾಗಿ ತಾಲ್ಲೂಕಿನ ಗ್ರಂಥಾಲಯವೊಂದರಲ್ಲಿ ಕೆಲಸ ನಿಂತಿತು. ಅದೂ ಆ ಹೆಸರನ್ನು ಚೀಟಿಯಲ್ಲಿ ಬರೆಯುವ ಅಗತ್ಯವೇ ಇಲ್ಲದಿದ್ದಾಗ: ಅಪಾಚೆಯನ್ನು ಕೇಳಿದ್ದರೆ ಸರಿಯಾದ ಲಿಬ್‌ಎಸ್‌ಎಸ್‌ಎಲ್ ತಾನೇ ಬರುತ್ತಿತ್ತು.

ಒಂದು ಹೆಸರು ಸಿಗದಿದ್ದರೆ ಉಳಿದವಾದರೂ ಬರಬಾರದೇ ಎಂದು ಕೇಳಬಹುದು. ಆಪ್ಟ್ ಹಾಗೆ ಮಾಡುವುದಿಲ್ಲ. ಒಂದೇ ಆದೇಶದಲ್ಲಿ ನಲವತ್ತು ಹೆಸರು ಕೊಟ್ಟು ಅದರಲ್ಲೊಂದು ಇಲ್ಲವಾದರೆ, ಉಳಿದ 39ನ್ನೂ ಕೊಡದೆ ಚೀಟಿಯನ್ನೇ ಹಿಂದಿರುಗಿಸುತ್ತದೆ. ಅರ್ಧಂಬರ್ಧ ಕೂರಿಸುವುದಕ್ಕಿಂತ ಇದೇ ಮೇಲು. ಆದರೆ ಸ್ಕ್ರಿಪ್ಟ್ ಅಲ್ಲಿಗೆ ನಿಲ್ಲಲಿಲ್ಲ, ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಯಿತು. ಆದ್ದರಿಂದ ಅವರ ಪರದೆಯ ಮೇಲೆ ಕೊನೆಗೆ ಉಳಿದದ್ದು ದತ್ತಸಂಚಯದ ಬಗೆಗಿನ, ಮೂಲ ಕಾರಣಕ್ಕೆ ಸಂಬಂಧವೇ ಇಲ್ಲದ ಒಂದು ದೂರು.

ಎರಡನೆಯ ತೊಡಕು ಹೆಚ್ಚು ಕುಟಿಲವಾದದ್ದು. ಪ್ಯಾಕೇಜುಗಳು ಸಿಗುವ ಭಂಡಾರದ ವಿಳಾಸವನ್ನು ಬದಲಿಸಲು ಸ್ಕ್ರಿಪ್ಟ್ ಒಂದು ಹಳೆಯ ಫೈಲನ್ನು ತಿದ್ದುತ್ತಿತ್ತು. 24.04ರಲ್ಲಿ ಆ ವಿಳಾಸಗಳು ಉಬುಂಟು.ಸೋರ್ಸಸ್ ಎಂಬ ಬೇರೆ ಫೈಲಿಗೆ ಬೇರೆ ರೂಪದಲ್ಲಿ ಸ್ಥಳಾಂತರಗೊಂಡಿವೆ. ಹಳೆಯ ಫೈಲು ಹೆಸರಿಗೆ ಉಳಿದಿದೆ, ಒಳಗೆ ವಿಳಾಸವಿಲ್ಲ. ತಿದ್ದಲು ಹೋದ ಆದೇಶ ತಿದ್ದುವಂಥದ್ದೇನೂ ಸಿಗದೆ, ತಪ್ಪನ್ನೂ ಹೇಳದೆ ಮುಗಿಯಿತು.

ಮೂರನೆಯದು ಬಾರ್‌ಕೋಡ್ ಚೀಟಿ ಮುದ್ರಿಸುವ ಪೈಥಾನ್ ಭಾಷೆಯ ಚಿಕ್ಕ ಕಾರ್ಯಕ್ರಮದ್ದು. ಪೈಥಾನ್‌ಗೆ ಪಿಪ್ ಎಂಬ ಸ್ವಂತ ಪ್ಯಾಕೇಜ್ ತರುವ ಸಾಧನವಿದೆ. ಇಡೀ ವ್ಯವಸ್ಥೆಗೆಂದು ಪಿಪ್‌ನಿಂದ ತಂದದ್ದು ಆಪ್ಟ್ ಕೂರಿಸಿದ್ದರೊಡನೆ ಘರ್ಷಿಸುತ್ತದೆಂದು ಉಬುಂಟು ಮತ್ತು ಡೆಬಿಯನ್‌ಗಳು 2023ರಿಂದ ಅದನ್ನು ತಡೆದಿವೆ. ಒಂದೋ ಆಪ್ಟ್‌ನಲ್ಲಿರುವ ಪೈಥಾನ್ ಪ್ಯಾಕೇಜನ್ನೇ ಬಳಸಬೇಕು, ಇಲ್ಲವೇ ಆ ಕಾರ್ಯಕ್ರಮಕ್ಕೆಂದೇ ಪ್ರತ್ಯೇಕವಾದ ವರ್ಚುವಲ್ ಪರಿಸರ ನಿರ್ಮಿಸಬೇಕು. ತಡೆಯನ್ನು ಮುರಿಯುವ ಆಯ್ಕೆಯೂ ಒಂದಿದೆ. ಅದರ ಹೆಸರಿನಲ್ಲೇ 'ವ್ಯವಸ್ಥೆಯನ್ನು ಮುರಿ' ಎಂಬ ಅರ್ಥವಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಚೀಟಿಯನ್ನು ದಾರಿಯಿಂದ ಬೇರ್ಪಡಿಸುವುದು

ಈ ಮೂರೂ ತೊಡಕುಗಳ ಬೇರು ಒಂದೇ. ಸಾಮಾನಿನ ಚೀಟಿ ಹೀಗಿರುತ್ತದೆ: ಬೆಲ್ಲ ಇಪ್ಪತ್ತು ಕಿಲೊ, ತೊಗರಿಬೇಳೆ ಹತ್ತು ಕಿಲೊ. ಹಳೆಯ ಸ್ಕ್ರಿಪ್ಟ್ ಹೀಗಿರುತ್ತದೆ: ಬಸ್ ನಿಲ್ದಾಣದಿಂದ ಎಡಕ್ಕೆ ತಿರುಗಿ ಮೂರನೆಯ ಅಂಗಡಿಗೆ ಹೋಗಿ, ಒಳಗಿನ ಬಲಗಡೆಯ ಎರಡನೆಯ ಚೀಲದಿಂದ ತೆಗೆದುಕೊಳ್ಳಿ. ಅಂಗಡಿ ಬೀದಿಯ ಆಚೆ ಬದಿಗೆ ಹೋದರೂ ಚೀಟಿ ಹಾಗೇ ನಡೆಯುತ್ತದೆ, ದಾರಿ ಹೇಳಿದ್ದು ನಡೆಯುವುದಿಲ್ಲ. ಸ್ಕ್ರಿಪ್ಟನ್ನು ಸರಳಗೊಳಿಸುವುದೆಂದರೆ ಸಾಲು ಕಡಿಮೆ ಮಾಡುವುದಲ್ಲ. ಏನು ಬೇಕು ಎಂಬುದನ್ನು ಹೇಗೆ ತರಬೇಕು ಎಂಬುದರಿಂದ ಬಿಡಿಸಿ, ತರುವ ಹೊಣೆಯನ್ನು ಅದಕ್ಕೆಂದೇ ಇರುವ ಪ್ಯಾಕೇಜ್ ಮ್ಯಾನೇಜರ್‌ಗೆ ಒಪ್ಪಿಸುವುದು.

ಕೋಹಾ ನಡೆದ ಹಾದಿಯೇ ಇದಕ್ಕೆ ಸಾಕ್ಷಿ. ಮೂಲ ಫೈಲುಗಳ ಕಟ್ಟಿನಿಂದ ಕೂರಿಸುವ ದಿನಗಳಲ್ಲಿ ಪರ್ಲ್ ಘಟಕಗಳ ದೊಡ್ಡ ಪಟ್ಟಿಯನ್ನು ಹಿಡಿದುಕೊಂಡು, ಕಾಣೆಯಾದವು ಯಾವುವು ಎಂದು ಹೇಳುವ ಕೋಹಾದ್ದೇ ಪರೀಕ್ಷಕ ಸ್ಕ್ರಿಪ್ಟನ್ನು ಓಡಿಸಿ, ಒಂದೊಂದನ್ನೇ ಹುಡುಕಿ ತರಬೇಕಿತ್ತು. ಕೆಲವು ಘಟಕಗಳನ್ನು ಅಲ್ಲೇ ಕಟ್ಟಬೇಕಾಗಿ ಬರುತ್ತಿದ್ದುದರಿಂದ ಏಣಿಗಳೂ ಬೇಕು. ಇಂದು ಕೋಹಾ ಸಮುದಾಯದ ಭಂಡಾರದ ವಿಳಾಸ ಮತ್ತು ಅದರ ಡಿಜಿಟಲ್ ಸಹಿಯನ್ನು ತಾಳೆನೋಡುವ ಕೀಲಿಯನ್ನು ಸೇರಿಸಿ, ದತ್ತಸಂಚಯವನ್ನು ಸಿದ್ಧಪಡಿಸಿ, ಕೋಹಾ-ಕಾಮನ್ ಎಂಬ ಒಂದು ಹೆಸರನ್ನು ಆಪ್ಟ್‌ಗೆ ಕೊಟ್ಟರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ನಂತರ ಕೋಹಾ-ಕ್ರಿಯೇಟ್ ಎಂಬ ಆದೇಶದಿಂದ ಗ್ರಂಥಾಲಯವನ್ನು ಸೃಷ್ಟಿಸಬಹುದು. ನಲವತ್ತು ಹೆಸರುಗಳೇನೂ ಮಾಯವಾಗಿಲ್ಲ. ಅವು ಬಳಕೆದಾರರ ಸ್ಕ್ರಿಪ್ಟ್‌ನಿಂದ ಪ್ಯಾಕೇಜಿನ ಒಳಗಿನ ಕಂಟ್ರೋಲ್ ಎಂಬ ಫೈಲಿಗೆ, 'ಡಿಪೆಂಡ್ಸ್' ಎಂಬ ಸಾಲಿಗೆ ಸರಿದಿವೆ ಅಷ್ಟೆ. ಅಲ್ಲಿ ಬರೆದದ್ದನ್ನು ಆಪ್ಟ್ ಓದುತ್ತದೆ, ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುತ್ತದೆ, ಪ್ಯಾಕೇಜ್ ತೆಗೆದುಹಾಕಿದ ಮೇಲೆ ಯಾರಿಗೂ ಬೇಡವಾಗಿ ಉಳಿದವನ್ನು ಗುರುತಿಸುತ್ತದೆ. ಸ್ಕ್ರಿಪ್ಟ್‌ನಲ್ಲಿದ್ದಾಗ ಇದಾವುದೂ ಸಾಧ್ಯವಿರಲಿಲ್ಲ.

ಡಿಪೆಂಡ್ಸ್ ಸಾಲಿನಲ್ಲಿ 'ಮರಿಯಾಡಿಬಿ ಇಲ್ಲವೇ ಮೈಎಸ್‌ಕ್ಯೂಎಲ್' ಎಂದು ಆಯ್ಕೆಯನ್ನೂ ಬರೆಯಬಹುದು. ಯಾವುದು ಬೇಕೆಂಬುದನ್ನು ವಿತರಣೆಗೇ ಬಿಡುವ ಹೆಸರುಗಳೂ ಇವೆ. 2017ರ ಡೆಬಿಯನ್ 9ರಲ್ಲಿ ಮೈಎಸ್‌ಕ್ಯೂಎಲ್ ಜಾಗಕ್ಕೆ ಮರಿಯಾಡಿಬಿ ಬಂದಾಗ, 'ಡಿಫಾಲ್ಟ್-ಮೈಎಸ್‌ಕ್ಯೂಎಲ್-ಸರ್ವರ್' ಎಂಬ ಹೆಸರು ಆ ಬದಲಾವಣೆಯನ್ನು ತನ್ನೊಳಗೆ ನುಂಗಿಕೊಂಡಿತು.

ಪ್ಯಾಕೇಜ್ ಕಟ್ಟುವುದು ದೊಡ್ಡ ಯೋಜನೆಗಳಿಗೆ ಮಾತ್ರ ಎಂದು ಭಾವಿಸಬೇಕಿಲ್ಲ. ಡೆಬಿಯನ್ ಬಳಗದಲ್ಲಿ ಈಕ್ವಿವ್ಸ್ ಎಂಬ ಪುಟ್ಟ ಸಾಧನವಿದೆ. ಹೆಸರು, ಆವೃತ್ತಿ, ಡಿಪೆಂಡ್ಸ್ ಈ ಕೆಲವೇ ಸಾಲುಗಳನ್ನು ಬರೆದುಕೊಟ್ಟರೆ ಅದು ಒಳಗೆ ಏನೂ ಇಲ್ಲದ, ಬರೀ ಚೀಟಿಯಷ್ಟೇ ಇರುವ ಪೊಟ್ಟಣವನ್ನು ಕಟ್ಟಿಕೊಡುತ್ತದೆ. ಇಂಥದಕ್ಕೆ ಮೆಟಾಪ್ಯಾಕೇಜ್ ಎನ್ನುತ್ತಾರೆ. ಬಾರ್‌ಕೋಡ್ ಕಾರ್ಯಕ್ರಮಕ್ಕೆ, ಬ್ಯಾಕಪ್‌ಗೆ ಏನೇನು ಬೇಕೋ ಅವನ್ನು ಹೀಗೆ ಒಂದೇ ಹೆಸರಿನಡಿ ಕಟ್ಟಿದೆವು. ಹಳೆಯ ಯಂತ್ರದಲ್ಲಿ ನಿಜವಾಗಿ ಕೇಳಿ ತಂದದ್ದು ಯಾವುದು, ಹಿಂದೆ ಹಿಂದೆ ಬಂದದ್ದು ಯಾವುದು ಎಂದು ವಿಂಗಡಿಸಲು ಆಪ್ಟ್-ಮಾರ್ಕ್ ಎಂಬ ಆದೇಶ ನೆರವಾಗುತ್ತದೆ. ಅದೂ ಪೂರ್ಣ ಉತ್ತರವಲ್ಲ, ಯಾಕೆಂದರೆ ಹಳೆಯ ಸ್ಕ್ರಿಪ್ಟ್ ಎಲ್ಲವನ್ನೂ ಹೆಸರಿಟ್ಟು ಕೇಳಿದ್ದರಿಂದ ಎಲ್ಲವೂ 'ಕೇಳಿ ತಂದದ್ದು' ಎಂದೇ ನಮೂದಾಗಿತ್ತು. ಒಂದು ಮಧ್ಯಾಹ್ನವಿಡೀ ಕೂತು ಕೈಯಿಂದಲೇ ಬೇರ್ಪಡಿಸಬೇಕಾಯಿತು.

ತಂತ್ರಾಂಶವನ್ನು ಅದರ ಅವಲಂಬನೆಗಳೊಡನೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡುವ ಡಾಕರ್‌ನಂಥ ಕಂಟೇನರ್‌ಗಳು ಬಂದ ಮೇಲೆ ಇದರ ಗೊಡವೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಕಂಟೇನರಿನ ಒಳಗನ್ನು ಕಟ್ಟುವ ಡಾಕರ್‌ಫೈಲ್ ತೆರೆದು ನೋಡಿದರೆ, ಅನೇಕ ಸಲ ಅದೇ ಆಪ್ಟ್ ಸಾಲು ಅಲ್ಲೂ ಇರುತ್ತದೆ.

ಸ್ಕ್ರಿಪ್ಟ್‌ನಲ್ಲಿ ಉಳಿಯುವ ಕೆಲಸ

ಹೀಗೆ ಹೊರೆ ಇಳಿಸಿದ ಮೇಲೂ ಒಂದು ಚಿಕ್ಕ ಸ್ಕ್ರಿಪ್ಟ್ ಬೇಕೇ ಬೇಕು. ಅದರ ಮೊದಲ ಕೆಲಸ, ತಪ್ಪಾದಲ್ಲಿಯೇ ನಿಲ್ಲುವುದು. ಆರಂಭದಲ್ಲಿ 'ಸೆಟ್ -ಇ' ಎಂದು ಬರೆದರೆ ಸಾಮಾನ್ಯವಾಗಿ ಯಾವುದೇ ಆದೇಶ ಸೋತೊಡನೆ ಸ್ಕ್ರಿಪ್ಟ್ ನಿಲ್ಲುತ್ತದೆ. ಎರಡನೆಯದು, ತಾನು ಎಲ್ಲಿದ್ದೇನೆಂದು ನೋಡಿಕೊಳ್ಳುವುದು. ಈಗಿನ ವಿತರಣೆಗಳಲ್ಲೆಲ್ಲ ಓಎಸ್-ರಿಲೀಸ್ ಎಂಬ ಫೈಲು ಹೆಸರು ಮತ್ತು ಆವೃತ್ತಿಯನ್ನು ಹೇಳುತ್ತದೆ; ಪರಿಚಯವಿಲ್ಲದ ಆವೃತ್ತಿಯಾದರೆ ಊಹೆ ಮಾಡದೆ, ಸ್ಪಷ್ಟವಾಗಿ ಹೇಳಿ ಹಿಂದೆ ಸರಿಯುವುದು ಲೇಸು. ಸ್ಕ್ರಿಪ್ಟ್‌ನೊಳಗೆ ಆಪ್ಟ್ ಎನ್ನುವುದಕ್ಕಿಂತ ಆಪ್ಟ್-ಗೆಟ್ ಎನ್ನಬೇಕು, ಏಕೆಂದರೆ ಮೊದಲಿನದು ಮನುಷ್ಯರ ಬಳಕೆಗಾಗಿ ಇದ್ದು, ತನ್ನ ವರ್ತನೆ ಬದಲಾಗಬಹುದೆಂದು ಅದೇ ಎಚ್ಚರಿಸುತ್ತದೆ.

ನಮ್ಮ ಕಡೆಗೆ ಹೆಚ್ಚು ಮುಖ್ಯವಾದ ಗುಣ ಇನ್ನೊಂದಿದೆ: ಎಷ್ಟು ಸಲ ಓಡಿಸಿದರೂ ಫಲ ಒಂದೇ ಆಗಿರಬೇಕು. ಮಳೆಗಾಲದಲ್ಲಿ ಮಲೆನಾಡಿನ ಅಂಚಿನ ಊರುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು, ಮತ್ತು ಯುಪಿಎಸ್‌ಗೂ ಅದರದೇ ಆದ ವಯಸ್ಸಿರುತ್ತದೆ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಓಡಿಸಲು ಹೆದರಿಕೆಯಾಗಬಾರದು. ಆಪ್ಟ್ ಈ ವಿಷಯದಲ್ಲಿ ನಂಬಿಗಸ್ತ: ಆಗಲೇ ಇರುವುದನ್ನು ಮತ್ತೆ ತರುವುದಿಲ್ಲ, ಅರ್ಧ ಕೂತ ಪ್ಯಾಕೇಜುಗಳನ್ನು, ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಎಂಬ ಸಾಧನದ 'ಕಾನ್ಫಿಗರ್' ಆದೇಶದಿಂದ ಪೂರ್ಣಗೊಳಿಸಬಹುದು. ಎಡವುವುದು ನಾವು ಬರೆದ ಸಾಲುಗಳೇ. ಬಳಕೆದಾರರ ಹೆಸರನ್ನು ಸೃಷ್ಟಿಸುವ ಮೊದಲು ಅದಿದೆಯೇ ಎಂದು ನೋಡಬೇಕು. ಫೈಲಿನ ಕೊನೆಗೆ ಸಾಲೊಂದನ್ನು ಸೇರಿಸುವ ಬದಲು ಇಡೀ ಫೈಲನ್ನೇ ಹೊಸದಾಗಿ ಬರೆಯಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಅದೇ ಸಾಲು ಬೆಳೆಯುತ್ತ ಹೋಗುತ್ತದೆ.

ಯಾರನ್ನು ನಂಬಿ ತರುವುದು

ಜಾಲದಿಂದ ಸ್ಕ್ರಿಪ್ಟನ್ನು ಇಳಿಸಿ, ಓದದೆಯೇ ನೇರವಾಗಿ ಮೇಲಧಿಕಾರದೊಂದಿಗೆ ಓಡಿಸುವ ಒಂದು ಸಾಲಿನ ಸೂಚನೆ ಅನೇಕ ಕಡೆ ಕಾಣುತ್ತದೆ. ನೋಡಲು ಅದಕ್ಕಿಂತ ಸರಳವಾದದ್ದಿಲ್ಲ. ಆಪ್ಟ್ ಭಂಡಾರದಲ್ಲಾದರೆ ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿಯಿರುತ್ತದೆ, ಆ ಸಹಿ ತಾಳೆಯಾಗದಿದ್ದರೆ ಆಪ್ಟ್ ಸುಮ್ಮನೆ ಒಪ್ಪುವುದಿಲ್ಲ. ಹೊರಗಿನ ಭಂಡಾರ ಸೇರಿಸುವಾಗ ಅದರ ಕೀಲಿ ಆ ಭಂಡಾರಕ್ಕೆ ಮಾತ್ರ ಅನ್ವಯವಾಗುವಂತೆ ಬರೆಯುವುದು ಈಗಿನ ಕ್ರಮ. ಎಲ್ಲಕ್ಕೂ ಅನ್ವಯಿಸುವ ಹಳೆಯ ಆಪ್ಟ್-ಕೀ ಆದೇಶವನ್ನು ಡೆಬಿಯನ್ 13ರಿಂದ ಕೈಬಿಡಲಾಗಿದೆ.

ಸಹಿಯೂ ಎಲ್ಲವನ್ನೂ ಕಾಯದು. 2024ರ ಮಾರ್ಚ್ 29ರಂದು, ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಅಡಗಿಸಿದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬಯಲಿಗೆಳೆದರು. ದೂರದಿಂದ ಸರ್ವರ್‌ಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಸುಮಾರು ಅರ್ಧ ಸೆಕೆಂಡು ನಿಧಾನವಾದದ್ದೇ ಅವರಿಗೆ ಸಿಕ್ಕ ಸುಳಿವು. ಎಸ್‌ಎಸ್‌ಎಚ್ ಸ್ವತಃ ಎಕ್ಸ್‌ಝಡ್ ಅನ್ನು ಕೇಳಿರಲಿಲ್ಲ. ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲೈಬ್ರರಿಯನ್ನು ಕೆಲವು ವಿತರಣೆಗಳು ಎಸ್‌ಎಸ್‌ಎಚ್‌ಗೆ ಸೇರಿಸಿದ್ದವು, ಅದರ ಬೆನ್ನ ಹಿಂದೆ ಎಕ್ಸ್‌ಝಡ್ ಬಂದಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಆ ಕಳ್ಳಬಾಗಿಲು ಇನ್ನೂ ತಲುಪಿರಲಿಲ್ಲ. ಚೀಟಿಯಲ್ಲಿ ಬೇಡದ ಒಂದು ಹೆಸರು ಇದ್ದರೆ ಅದರ ಹಿಂದೆ ಬರುವವರೆಲ್ಲರಿಗೂ ಮನೆಬಾಗಿಲು ತೆರೆದಂತೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ನನಗೆ ಗೊತ್ತಿಲ್ಲ. ಆಪ್ಟ್ ಶಿಫಾರಸು ಮಾಡುವ, ಆದರೆ ಕಡ್ಡಾಯವಲ್ಲದ ಪ್ಯಾಕೇಜುಗಳನ್ನು ಬಿಡುವ ಆಯ್ಕೆಯನ್ನು ಸರ್ವರ್‌ಗಳಲ್ಲಿ ಬಳಸುವುದಕ್ಕೆ ಇದೂ ಒಂದು ಕಾರಣ. ಬಿಟ್ಟ ಮೇಲೆ ಬೇಕಾದ ಸೌಲಭ್ಯ ಯಾವುದೂ ತಪ್ಪಿಹೋಗಿಲ್ಲವೇ ಎಂದು ನೋಡಿಕೊಳ್ಳಬೇಕು.

ಖಾಲಿ ಯಂತ್ರದ ಮೇಲೆ ಎರಡು ಸಲ

ಬರೆದವರ ಯಂತ್ರದಲ್ಲಿ ಸ್ಕ್ರಿಪ್ಟ್ ಓಡಿತೆಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಚೀಟಿಯಲ್ಲಿ ಬರೆಯಲು ಮರೆತ ಸಾಮಾನು ಅವರ ಮನೆಯಲ್ಲಿ ಮೊದಲೇ ಇದ್ದಿರಬಹುದು. ಆದ್ದರಿಂದ ಗ್ರಂಥಾಲಯದ ಹಳೆಯ ಡೆಸ್ಕ್‌ಟಾಪಿನಲ್ಲೇ ವರ್ಚುವಲ್ ಯಂತ್ರವೊಂದನ್ನು, ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರನ್ನು ನಿರ್ಮಿಸಿ, ಅದರಲ್ಲಿ ಬರೀ 24.04 ಕೂರಿಸಿ, ಹೊಸ ಸ್ಕ್ರಿಪ್ಟನ್ನು ಓಡಿಸಿದೆವು. ಮೊದಲ ಸಲ ಬ್ಯಾಕಪ್‌ಗೆ ಬೇಕಾದ ಒಂದು ಪ್ಯಾಕೇಜ್ ಬಿಟ್ಟುಹೋದದ್ದು ಗೊತ್ತಾಯಿತು. ಅದನ್ನು ಮೆಟಾಪ್ಯಾಕೇಜಿನ ಡಿಪೆಂಡ್ಸ್ ಸಾಲಿಗೆ ಸೇರಿಸಿ, ಯಂತ್ರವನ್ನು ಮತ್ತೆ ಖಾಲಿ ಮಾಡಿ, ಪುನಃ ಓಡಿಸಿದಾಗ ಕೊನೆಯವರೆಗೂ ಹೋಯಿತು. ಆಮೇಲೆ ಏನನ್ನೂ ಬದಲಿಸದೆ ಅದೇ ಸ್ಕ್ರಿಪ್ಟನ್ನು ಎರಡನೆಯ ಸಲ ಓಡಿಸಲು ಗ್ರಂಥಪಾಲಕರಿಗೆ ಹೇಳಿದೆ. ಪುಟಗಟ್ಟಲೆ ಸಂದೇಶ ಹರಿಯುತ್ತದೆಂದು ಅವರು ಕಾದರು. ಹೊಸದಾಗಿ ಕೂರಿಸಿದ್ದು 0, ಮೇಲ್ದರ್ಜೆಗೇರಿಸಿದ್ದು 0, ತೆಗೆದದ್ದು 0 ಎಂದು ಆಪ್ಟ್ ಒಂದು ಸಾಲು ಹೇಳಿ ಸುಮ್ಮನಾಯಿತು.